ಬೆಲ್ಟ್ ಕೊಟ್ಟಾರ, ಕೊಕ್ಕಿ ಎಲ್ಲಿ ಸಿಗಸ್ಲಿ? ಗುಳೆ ಹೋದವರ ಜೀವಕ್ಕೆ ಯಾರು ಹೊಣೆ ಅನ್ನೋದರ ಕಥೆ

(ಇದು ನಮ್ಮ ಇತಿಹಾಸ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಕಥೆ ಸುರಪುರದ ಬಸ್ ನಿಲ್ದಾಣದಿಂದ ಶುರುವಾಗುತ್ತೆ.

ಸಂಜೆ ಹೊತ್ತು ಅಲ್ಲಿ ಹೋಗಿ ನಿಂತ್ಕೊಳ್ಳಿ. ಬೆಂಗಳೂರು ಬಸ್ಸಿಗೆ ಕಾಯ್ತಾ ಇರೋರನ್ನ ನೋಡಿದ ಕೂಡಲೇ ಗುರುತು ಹಿಡಿಯಬಹುದು. ರಸಗೊಬ್ಬರದ ಚೀಲದಲ್ಲಿ ಜೋಳದ ಹಿಟ್ಟು, ಒಂದು ಕೊಡ, ಚಾದರ, ಕಂಕುಳಲ್ಲಿ ಕೂಸು. ಶಹಾಪುರದಲ್ಲೂ ಇದೇ ನೋಟ, ಯಾದಗಿರಿ ರೈಲು ನಿಲ್ದಾಣದಲ್ಲೂ ಇದೇ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಸುಗ್ಗಿ ಮುಗಿದ ಮೇಲೆ ಹೋಗ್ತಾರೆ. ಉಗಾದಿಗೋ, ಮೊಹರಂಗೋ, ತಿಂಥಣಿ ಮೌನೇಶ್ವರನ ಜಾತ್ರೆಗೋ ಬರ್ತಾರೆ. ನಾವು ಇದಕ್ಕೆ ಗುಳೆ ಅಂತೀವಿ.

ಅಲ್ಲೇ ಕಟ್ಟೆ ಮೇಲೆ ಕೂತಿದ್ದ ಒಬ್ಬ ಹಿರಿಯ ಗೌಂಡಿ ಜೊತೆ ಮಾತಿಗಿಳಿದೆ. "ಕಾಕಾ, ಈಗ ದೊಡ್ಡ ದೊಡ್ಡ ಸೈಟ್‌ನ್ಯಾಗ ಟ್ರೇನಿಂಗ್ ಕೊಡ್ತಾರಂತಲ್ರಿ, ಬೆಲ್ಟು ಹೆಲ್ಮೆಟ್ಟು ಎಲ್ಲ ಕೊಡ್ತಾರಂತ?" ಅಂತ ಕೇಳಿದೆ. ಅವರು ನಕ್ಕರು. "ಬೆಲ್ಟ್ ಕೊಟ್ಟಾರ ತಮ್ಮಾ. ಕೊಕ್ಕಿ ಎಲ್ಲಿ ಸಿಗಸ್ಲಿ ಅಂತ ಕೇಳಿದ್ರ, ಸುಮ್ನ ಹಾಕ್ಕೊ, ಸಾಹೇಬ್ರು ಬರ್ತಾರ ಅಂದ್ರು."

ನನಗೆ ಈ ಒಂದು ಮಾತು ಸಾಕಾಯ್ತು. ಬೆಲ್ಟ್ ಹಾಕ್ಕೊಳ್ಳೋದು ಕೂಲಿಯವನ ಕೈಯಲ್ಲಿರೋ ಕೆಲಸ. ಅದರ ಕೊಕ್ಕೆ ಸಿಗಿಸೋಕೆ ಗಟ್ಟಿಯಾದ ಒಂದು ಹಗ್ಗ, ಒಂದು ಕಂಬಿ ಮೇಲೆ ಇರಬೇಕಲ್ಲ, ಅದನ್ನ ಅವನು ತರೋಕೆ ಆಗಲ್ಲ. ಅದಕ್ಕೆ ಯಾರೋ ಮೊದಲೇ ಲೆಕ್ಕ ಹಾಕಬೇಕು, ದುಡ್ಡು ಇಡಬೇಕು, ಕಟ್ಟಿಸಬೇಕು. ಆ 'ಯಾರೋ' ಅನ್ನೋರು ಯಾರು? ಅವರು ತಮ್ಮ ಹೊಣೆಯನ್ನ ಕೂಲಿಯವನ ತಲೆ ಮೇಲೆ ಹೊರಿಸಿದ್ದು ಹೇಗೆ? ಇದಕ್ಕೆ ಸುಮಾರು 170 ವರ್ಷದ ಇತಿಹಾಸ ಇದೆ.

ಮೊದಲು ಹಳಿಯಿಂದ ಶುರು ಮಾಡೋಣ. ಯಾದಗಿರಿಗೆ ರೈಲು ಬಂದಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಿಂದ. ಮುಂಬೈ ಕಡೆಯಿಂದ ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿ ಮೂಲಕ ಬಂದ ಆ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನ ಕೂಡಿಕೊಂಡಿತು. ಆದರೆ ಅದು ನಮ್ಮ ಕಡೆ ಬರಬೇಕಾದರೆ ಮೊದಲು ಸಹ್ಯಾದ್ರಿ ಹತ್ತಬೇಕಿತ್ತು. ಖಂಡಾಲಾ ಹತ್ತಿರದ ಭೋರ್ ಘಾಟ್‌ನ ಕೆಲಸ 1856ರಿಂದ 1863ರವರೆಗೆ ನಡೀತು. 1861ರಲ್ಲಿ ಅಲ್ಲಿ 42,000ಕ್ಕೂ ಹೆಚ್ಚು ಜನ ಒಟ್ಟಿಗೆ ದುಡೀತಿದ್ದರು. ಕಲ್ಲು ಒಡೆಯೋದು, ಮಣ್ಣು ಹೊರೋದು, ಸುರಂಗ ಕೊರೆಯೋದು. ಇಂಥ ಕೆಲಸಕ್ಕೆ ಹೆಸರಾದ ವಡ್ಡರ ಸಮುದಾಯದವರು, ಈಗ ನಾವು ಭೋವಿ ಅಂತ ಕರೆಯೋರು, ರೈಲ್ವೆಯ ದಾಖಲೆಗಳಲ್ಲಿ ಮತ್ತೆ ಮತ್ತೆ ಸಿಗ್ತಾರೆ. ಆ ಎಂಟು ವರ್ಷದಲ್ಲಿ ಸತ್ತವರು ಸುಮಾರು 25,000 ಅನ್ನೋದು ಇತಿಹಾಸಕಾರರು ಕೊಡೋ ಅಂದಾಜು. ಬಿದ್ದು ಸತ್ತವರು, ಸಿಡಿಮದ್ದಿಗೆ ಸಿಕ್ಕವರು ಇದ್ದರು. ಅದಕ್ಕಿಂತ ಹೆಚ್ಚು ಜನರನ್ನ ತಗೊಂಡು ಹೋಗಿದ್ದು ಕಾಲರಾ ಮತ್ತು ಜ್ವರ.

ಇಲ್ಲಿ ನನಗೆ ಮುಖ್ಯ ಅನ್ನಿಸೋದು ಸಾವಿನ ಸಂಖ್ಯೆಗಿಂತ ಆ ಕೆಲಸದ ವ್ಯವಸ್ಥೆ. ರೈಲ್ವೆ ಕಂಪನಿ ತಾನೇ ಕೂಲಿಯವರನ್ನ ಇಟ್ಕೊಳ್ಳಲಿಲ್ಲ. ವಿಲಿಯಂ ಫೇವಿಯೆಲ್ ಅನ್ನೋ ಇಂಗ್ಲಿಷ್ ಗುತ್ತಿಗೆದಾರನಿಗೆ ಕೆಲಸ ಕೊಟ್ಟಿತು. ಅವನ ಕೆಳಗೆ ಒಳಗುತ್ತಿಗೆಯವರು, ಅವರ ಕೆಳಗೆ ಮುಕಾದಮರು, ಅವರ ಕೆಳಗೆ ಜನ. ಕೂಲಿ ಬಾಕಿ ಬಿದ್ದು 1859ರ ಶುರುವಿನಲ್ಲಿ ಕೆಲಸಗಾರರು ದಂಗೆ ಎದ್ದರು. ಫೇವಿಯೆಲ್ ಅದೇ ವರ್ಷ ಗುತ್ತಿಗೆ ಬಿಟ್ಟ. ಆಮೇಲೆ ಬಂದ ಸಾಲೊಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದ ಸ್ವಲ್ಪ ದಿನದಲ್ಲೇ ತೀರಿಕೊಂಡ. ಅವನ ಹೆಂಡತಿ ಆಲಿಸ್ ಟ್ರೆಡ್‌ವೆಲ್ ಆ ಗುತ್ತಿಗೆಯನ್ನ ಕೈಗೆತ್ತಿಕೊಂಡು ಮುಗಿಸಿದಳು. ಅದೂ ಒಂದು ರೋಚಕ ಕಥೆ, ಇನ್ನೊಂದು ದಿನ ಹೇಳ್ತೀನಿ. ಈಗ ನೋಡಬೇಕಾದ್ದು ಆ ಸರಪಳಿ: ಮಾಲೀಕ, ಗುತ್ತಿಗೆದಾರ, ಒಳಗುತ್ತಿಗೆ, ಮುಕಾದಮ, ಕೂಲಿ. ಇವತ್ತು ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟ್ ಸೈಟಿಗೆ ಹೋದರೂ ಇದೇ ಸರಪಳಿ. ಮುಕಾದಮ ಹೋಗಿ ಮೇಸ್ತ್ರಿ ಬಂದಿದ್ದಾನೆ, ಅಷ್ಟೇ.

ಸರಪಳಿಯ ಉಪಯೋಗ ಏನಪ್ಪಾ ಅಂದರೆ, ಮೇಲಿನವನಿಗೆ ಕೆಳಗಿನವನ ಹೆಸರು ಗೊತ್ತಿರಬೇಕಾಗಿಲ್ಲ. ಹೆಸರೇ ಗೊತ್ತಿಲ್ಲ ಅಂದಮೇಲೆ ಹೊಣೆ ಎಲ್ಲಿಂದ ಬಂತು?

ಆಗಿನ ಕಾನೂನು ಕೂಡ ಇದಕ್ಕೆ ಒತ್ತಾಸೆಯಾಗಿತ್ತು. 1837ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಮೊಕದ್ದಮೆ, ಪ್ರೀಸ್ಟ್ಲಿ ಮತ್ತು ಫೌಲರ್ ನಡುವೆ. ಕಟುಕನ ಅಂಗಡಿಯ ಕೆಲಸದ ಹುಡುಗ ಭಾರ ಹೆಚ್ಚಾದ ಗಾಡಿಯಿಂದ ಬಿದ್ದು ತೊಡೆ ಮುರ್ಕೊಂಡ. ಜ್ಯೂರಿ ಅವನಿಗೆ 100 ಪೌಂಡ್ ಕೊಡಿಸ್ತು, ಮೇಲಿನ ನ್ಯಾಯಾಲಯ ಅದನ್ನ ತೆಗೆದುಹಾಕ್ತು. ಅಪಾಯ ಇದೆ ಅಂತ ಗೊತ್ತಿದ್ದೂ ಗಾಡಿ ಹತ್ತಿದ್ದು ನೀನೇ ಅಲ್ವಾ ಅನ್ನೋ ಧಾಟಿ. ಅಲ್ಲಿಂದ ಮೂರು ವಾದ ಬೆಳೆದವು. ಕೆಲಸಕ್ಕೆ ಸೇರಿದ ಮೇಲೆ ಅದರ ಅಪಾಯ ನಿಂದೇ. ಜೊತೆಗಾರನ ತಪ್ಪಿನಿಂದ ಪೆಟ್ಟಾದರೆ ಮಾಲೀಕ ಹೊಣೆಯಲ್ಲ. ನಿನ್ನ ಅಜಾಗರೂಕತೆ ಒಂದಿಷ್ಟು ಇದ್ದರೂ ಪರಿಹಾರ ಇಲ್ಲ. ಈ ಮೂರು ಬಾಗಿಲು ಹಾಕಿದ ಮೇಲೆ ಕೂಲಿಯವನಿಗೆ ಉಳಿದಿದ್ದು ಏನು ಹೇಳಿ.

ನಮ್ಮ ದೇಶದಲ್ಲಿ ಈ ಬಾಗಿಲು ತೆಗೆದಿದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆ. 1924ರ ಜುಲೈ 1ರಿಂದ ಜಾರಿ. ಕೆಲಸದಲ್ಲಿ ಇರುವಾಗ, ಕೆಲಸದ ಕಾರಣಕ್ಕೆ ಅಪಘಾತ ಆಯ್ತಾ? ಹಾಗಾದರೆ ಮಾಲೀಕನ ತಪ್ಪು ಅಂತ ಸಾಬೀತು ಮಾಡೋ ಅಗತ್ಯವೇ ಇಲ್ಲ, ಪರಿಹಾರ ಕೊಡಬೇಕು. ಗುತ್ತಿಗೆದಾರನ ಮೂಲಕ ಬಂದ ಕೆಲಸಗಾರನಾದರೂ ಮೂಲ ಮಾಲೀಕನೇ ಮೊದಲು ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲಿ ಮಾಡ್ಕೊಳ್ಳಲಿ. ಇದು ಆ ಕಾಯ್ದೆಯ 12ನೇ ಸೆಕ್ಷನ್. ಸರಪಳಿಯನ್ನ ಕಾಗದದ ಮೇಲಾದರೂ ಕತ್ತರಿಸಿದ ಮೊದಲ ಕತ್ತರಿ ಅದು. ಆದರೆ ಗಮನಿಸಿ, ಇದು ಸತ್ತ ಮೇಲಿನ ಕಾನೂನು. ಸಾಯದಂತೆ ನೋಡ್ಕೊಳ್ಳೋ ಕಾನೂನು ಇನ್ನೂ ಬಂದಿರಲಿಲ್ಲ.

ಈಗ ನಮ್ಮ ಊರಿಗೆ ವಾಪಸ್ ಬರೋಣ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಅದೇ ಯೋಜನೆಯ ಇನ್ನೊಂದು ಅಣೆಕಟ್ಟು ನಮ್ಮ ನಾರಾಯಣಪುರದ್ದು, ಬಸವಸಾಗರ. ಆಗ ಅದು ಸುರಪುರ ತಾಲ್ಲೂಕು, ಈಗ ಹುಣಸಗಿ. ಮಣ್ಣಿನ ಏರಿಯೂ ಸೇರಿ ಹತ್ತು ಕಿಲೋಮೀಟರಿಗೂ ಹೆಚ್ಚು ಉದ್ದ, 30 ಗೇಟು. 1982ರಲ್ಲಿ ಮುಗೀತು. ಅಲ್ಲಿಂದ ಎಡದಂಡೆ ಕಾಲುವೆ, ಶಹಾಪುರ ಶಾಖಾ ಕಾಲುವೆ ಹೀಗೆ ನೀರು ಹರೀತಾ ಬಂತು. ಜೋಳ, ತೊಗರಿ ಬೆಳೀತಿದ್ದ ನೆಲದಲ್ಲಿ ಭತ್ತ ಬಂತು. ಕಾಲುವೆ ಮುಟ್ಟದ ಊರುಗಳು, ತಾಂಡಾಗಳು ಮಾತ್ರ ಗುಳೆ ಹೋಗ್ತಾನೇ ಇವೆ.

ಒಂದು ಪ್ರಶ್ನೆ ಕೇಳ್ತೀನಿ. 1964ರಿಂದ 1982. ಬಂಡೆ ಸಿಡಿಸೋದು, ಆಳಕ್ಕೆ ಅಗೆಯೋದು, ಎತ್ತರದಲ್ಲಿ ಕಾಂಕ್ರೀಟ್ ಹಾಕೋದು. ಇಷ್ಟೆಲ್ಲ ನಡೆದ ಹದಿನೆಂಟು ವರ್ಷದಲ್ಲಿ ಕಟ್ಟಡ ಕೆಲಸಗಾರನ ಸುರಕ್ಷತೆಗೆ ಅಂತಲೇ ದೇಶದಲ್ಲಿ ಯಾವ ಕಾಯ್ದೆ ಇತ್ತು? ಇರಲಿಲ್ಲ. 1948ರ ಕಾರ್ಖಾನೆ ಕಾಯ್ದೆ ಕಾರ್ಖಾನೆಗೆ ಮಾತ್ರ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಕುಡಿಯೋ ನೀರು, ಕ್ಯಾಂಟೀನು, ಶೌಚಾಲಯದ ಬಗ್ಗೆ ಮಾತಾಡ್ತು, ಸಾರವೆ ಬಗ್ಗೆ ಅಲ್ಲ. ಹಾಗಂತ ತಿಳುವಳಿಕೆ ಇರಲಿಲ್ಲ ಅನ್ನೋ ಹಾಗಿಲ್ಲ. ಸಾರವೆ ಮತ್ತು ಏಣಿಗೆ ಐಎಸ್ 3696, ಗುಂಡಿ ಅಗೆತಕ್ಕೆ ಐಎಸ್ 3764 ಅನ್ನೋ ಭಾರತೀಯ ಮಾನಕಗಳು 1966ರಲ್ಲೇ ಬಂದಿದ್ದವು. ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ್ದೂ ಅದೇ ವರ್ಷ ಮಾರ್ಚ್ 4ರಂದು. ಆ ದಿನ ಇವತ್ತಿಗೂ ಸೈಟುಗಳಲ್ಲಿ ಕೆಲಸಗಾರರನ್ನ ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಮಾಡಿಸ್ತಾರೆ, ನಾನು ಎಚ್ಚರದಿಂದ ಇರ್ತೀನಿ ಅಂತ. ಪ್ರತಿಜ್ಞೆ ಕೂಲಿಯವರು ಮಾಡ್ತಾರೆ, ಸಾಹೇಬರು ಫೋಟೋಕ್ಕೆ ನಿಲ್ತಾರೆ. ಇರಲಿ.

ಇದಕ್ಕೆ ಹೋಲಿಸೋಕೆ ಬಹಳ ದೂರ ಹೋಗೋದು ಬೇಡ. ಸುರಪುರದಿಂದ ಕೃಷ್ಣೆ ದಾಟಿದರೆ ಲಿಂಗಸುಗೂರು ತಾಲ್ಲೂಕು, ಅಲ್ಲಿ ಹಟ್ಟಿ ಚಿನ್ನದ ಗಣಿ. ಗಣಿಗೆ 1952ರ ಗಣಿ ಕಾಯ್ದೆ ಇತ್ತು. ಅದರ ಪ್ರಕಾರ ಪ್ರತಿ ಗಣಿಗೂ ಅರ್ಹತೆ ಪಡೆದ ಒಬ್ಬ ಮ್ಯಾನೇಜರ್ ಇರಲೇಬೇಕಿತ್ತು, ಆ ಗಣಿಯ ನಿರ್ವಹಣೆಗೆ ಅವನೇ ಹೊಣೆ. 1966ರ ನಿಯಮಗಳ ಪ್ರಕಾರ ತರಬೇತಿ ಆಗದವನನ್ನ ಹೊಸದಾಗಿ ಗಣಿ ಕೆಲಸಕ್ಕೆ ಇಳಿಸುವಂತಿರಲಿಲ್ಲ. ಅಂದರೆ ಒಂದೇ ಊರಿನ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ನದಿ ದಾಟಿ ಗಣಿಗೆ ಹೋದ, ಇನ್ನೊಬ್ಬ ನದಿಯ ಈ ದಡದಲ್ಲಿ ಅಣೆಕಟ್ಟಿನ ಕೆಲಸಕ್ಕೆ ಹೋದ ಅಂತ ಇಟ್ಕೊಳ್ಳಿ. ನೆಲದ ಕೆಳಗೆ ಹೋದವನಿಗೆ ಹೊಣೆಗಾರ ಯಾರು ಅಂತ ಕಾನೂನಿನಲ್ಲಿ ಬರೆದಿತ್ತು. ನೆಲದ ಮೇಲೆ ಇದ್ದವನಿಗೆ ಮೇಸ್ತ್ರಿಯ ಹೆಸರು ಮಾತ್ರ ಗೊತ್ತಿತ್ತು. ಗಣಿಗಳಲ್ಲಿ ಅಪಘಾತ ನಿಂತು ಹೋಯ್ತು ಅಂತ ನಾನು ಹೇಳ್ತಿಲ್ಲ, ಖಂಡಿತ ನಿಂತಿಲ್ಲ. ಆದರೆ ಅಪಘಾತ ಆದಾಗ ಯಾರ ಬಾಗಿಲಿಗೆ ಹೋಗಬೇಕು ಅನ್ನೋದು ಗೊತ್ತಿತ್ತು.

ಕಟ್ಟಡದ ಕೆಲಸಕ್ಕೆ ಆ ಕಾನೂನು ಯಾಕೆ ಇಷ್ಟು ತಡ ಆಯ್ತು? ಒಂದು ಕಾರಣ, ಸೈಟು ಇವತ್ತು ಇರುತ್ತೆ, ನಾಳೆ ಇರಲ್ಲ, ಜನ ಚದುರಿ ಹೋಗ್ತಾರೆ. ಸಂಘ ಕಟ್ಟೋದು ಕಷ್ಟ. ಇನ್ನೊಂದು ಕಾರಣ ನನ್ನ ಪ್ರಕಾರ ಹೆಚ್ಚು ಆಳದ್ದು. ಅಪಘಾತಕ್ಕೆ ಕೆಲಸಗಾರನ ಅಜಾಗರೂಕತೆಯೇ ಕಾರಣ ಅನ್ನೋ ನಂಬಿಕೆ. ಇದು ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದರೆ ಅಮೆರಿಕದಲ್ಲಿ ಇಬ್ಬರು ಸಿಗ್ತಾರೆ.

ಮೊದಲನೆಯವರು ಕ್ರಿಸ್ಟಲ್ ಈಸ್ಟ್‌ಮನ್, ವಕೀಲೆ. ಪಿಟ್ಸ್‌ಬರ್ಗ್ ಇರೋ ಅಲಿಗೇನಿ ಕೌಂಟಿಯಲ್ಲಿ 1906ರ ಜುಲೈಯಿಂದ 1907ರ ಜೂನ್‌ವರೆಗೆ, ಒಂದೇ ವರ್ಷದಲ್ಲಿ, ಕೆಲಸದ ಮೇಲೆ ಸತ್ತ 526 ಜನರ ಸಾವನ್ನ ಅವರು ಒಂದೊಂದಾಗಿ ಪರಿಶೀಲಿಸಿದರು. ಅಪಘಾತಗಳಿಗೆಲ್ಲ ಕೆಲಸಗಾರರ ಅಜಾಗರೂಕತೆಯೇ ಕಾರಣ ಅನ್ನೋ ಆಗಿನ ಮಾಮೂಲಿ ಮಾತು ಆ ಲೆಕ್ಕದ ಮುಂದೆ ನಿಲ್ಲಲಿಲ್ಲ. 1910ರಲ್ಲಿ ಆ ಪುಸ್ತಕ ಬಂತು. ನ್ಯೂಯಾರ್ಕ್‌ನ ಪರಿಹಾರ ಕಾಯ್ದೆಯ ಹಿಂದೆ ಅವರ ಶ್ರಮ ದೊಡ್ಡದು.

ಎರಡನೆಯವನು ಎಚ್. ಡಬ್ಲ್ಯು. ಹೈನ್ರಿಚ್, ಒಂದು ವಿಮಾ ಕಂಪನಿಯಲ್ಲಿ ಇದ್ದವನು. 1931ರಲ್ಲಿ ಪುಸ್ತಕ ಬರೆದ. 75,000 ಅಪಘಾತಗಳ ದಾಖಲೆ ನೋಡಿ 88 ಪರ್ಸೆಂಟ್ ಅಪಘಾತಕ್ಕೆ ಮನುಷ್ಯನ ಅಸುರಕ್ಷಿತ ನಡೆಯೇ ಕಾರಣ ಅಂದ. ಇವತ್ತಿಗೂ ಎಷ್ಟೋ ಸುರಕ್ಷತಾ ತರಬೇತಿಯ ಸ್ಲೈಡುಗಳಲ್ಲಿ ಆ 88 ಕಾಣುತ್ತೆ. ಆದರೆ ಆ ದಾಖಲೆಗಳನ್ನ ಬರೆದವರು ಯಾರು? ವಿಮೆಯ ಫೈಲುಗಳು, ಕಾರ್ಖಾನೆಯ ಮಾಲೀಕರು ಮೇಲ್ವಿಚಾರಕರು ಕೊಟ್ಟ ವರದಿಗಳು. ಬಿದ್ದವನನ್ನ ಕೇಳಿ ಬರೆದದ್ದಲ್ಲ. ಮೇಸ್ತ್ರಿ ವರದಿ ಬರೆದರೆ ತಪ್ಪು ಕೂಲಿಯವನದೇ ಆಗೋದರಲ್ಲಿ ಆಶ್ಚರ್ಯ ಏನಿದೆ? ಹೈನ್ರಿಚ್‌ಗೂ ನ್ಯಾಯ ಒದಗಿಸಬೇಕು, ಸುರಕ್ಷತೆ ಆಡಳಿತದ ಕೆಲಸ ಅಂತ ಅವನೂ ಬರೆದಿದ್ದಾನೆ. ಜನ ಅದನ್ನ ಬಿಟ್ಟು 88ನ್ನ ಮಾತ್ರ ಇಟ್ಕೊಂಡರು.

ಈಗ ಆ ಗೌಂಡಿ ಕಾಕಾನ ಕೊಕ್ಕೆಗೆ ಉತ್ತರ ಇರೋ ಜಾಗಕ್ಕೆ ಹೋಗೋಣ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ, ಕೆಲಸ ಶುರುವಾಗಿದ್ದು 1933ರಲ್ಲಿ. ಹತ್ತು ಲಕ್ಷ ಡಾಲರ್ ಖರ್ಚಿಗೆ ಒಂದು ಜೀವ ಹೋಗುತ್ತೆ ಅಂತ ಆಗ ಗುತ್ತಿಗೆದಾರರೇ ಲೆಕ್ಕ ಹಾಕ್ತಿದ್ದರು, ಸಿಮೆಂಟಿನ ಲೆಕ್ಕ ಹಾಕಿದ ಹಾಗೆ. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಕಾಲದಲ್ಲಿ ಅಲ್ಲಿ ಗಟ್ಟಿ ಟೊಪ್ಪಿಗೆ ಕಡ್ಡಾಯವಾಯ್ತು. ಅಷ್ಟೇ ಅಲ್ಲ, 1936ರಲ್ಲಿ ಸೇತುವೆಯ ಕೆಳಗೆ ಉದ್ದಕ್ಕೂ ಒಂದು ಬಲೆ ಕಟ್ಟಿಸಿದರು. 1,30,000 ಡಾಲರ್ ಆಯ್ತು. ಆ ಬಲೆಗೆ ಬಿದ್ದು ಬದುಕಿದವರು 19 ಜನ. ಆ 19 ಜನಕ್ಕೆ ತರಬೇತಿ ಇರಲಿಲ್ಲವಾ? ಇತ್ತು, ಪಳಗಿದ ಕೈಗಳು. ಆದರೂ ಬಿದ್ದರು. ಮನುಷ್ಯ ಜಾರ್ತಾನೆ, ನಿದ್ದೆಗೆಟ್ಟಿರ್ತಾನೆ, ಮನೆಯಿಂದ ಬಂದ ಫೋನಿನ ಯೋಚನೆಯಲ್ಲಿ ಇರ್ತಾನೆ. ಜಾರೋದನ್ನ ಲೆಕ್ಕಕ್ಕೆ ತಗೊಂಡೇ ಕೆಲಸ ಏರ್ಪಾಟು ಮಾಡಬೇಕು. ಅದೇ ಸೇತುವೆಯಲ್ಲಿ 1937ರ ಫೆಬ್ರುವರಿ 17ರಂದು ಸಾರವೆಯೇ ಕಳಚಿ ಬಲೆಯನ್ನ ಹರ್ಕೊಂಡು ಬಿತ್ತು, 10 ಜನ ಸತ್ತರು. ಅಲ್ಲೂ ಕೈಕೊಟ್ಟಿದ್ದು ಕೆಲಸಗಾರನ ಎಚ್ಚರ ಅಲ್ಲ, ಅವನು ನಿಂತಿದ್ದ ಸಾರವೆ.

ಎತ್ತರದಿಂದ ಬೀಳೋದೇ ಇವತ್ತಿಗೂ ಕಟ್ಟಡ ಕೆಲಸದ ದೊಡ್ಡ ಯಮ. ಸುರಕ್ಷತೆಯ ಶಾಸ್ತ್ರ ಏನು ಹೇಳುತ್ತೆ ಅಂದರೆ, ಮೊದಲು ಎತ್ತರದಲ್ಲಿ ಮಾಡೋ ಕೆಲಸವನ್ನೇ ನೆಲದ ಮೇಲೆ ಮಾಡೋಕೆ ಆಗುತ್ತಾ ನೋಡು. ಆಗದಿದ್ದರೆ ಅಂಚಿಗೆ ಕಟಕಟೆ ಹಾಕು, ಬಲೆ ಕಟ್ಟು. ಅದೂ ಸಾಲದಿದ್ದರೆ ಬೆಲ್ಟು. ಅಂದರೆ ಬೆಲ್ಟು ಕೊನೇದು. ನಮ್ಮಲ್ಲಿ ಕೊನೇದೇ ಮೊದಲು, ಯಾಕಂದರೆ ಅದು ಅಗ್ಗ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ.

ನಮ್ಮ ದೇಶದ ಕಥೆಗೆ ವಾಪಸ್. 1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ. ಅದರ ಕಟ್ಟಡಗಳಲ್ಲಿ ದುಡಿದ ಗುಳೆ ಜನರ ಸ್ಥಿತಿ ಸುಪ್ರೀಂ ಕೋರ್ಟಿಗೆ ಹೋಯ್ತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸೋದೂ ಬಲವಂತದ ದುಡಿಮೆಯೇ, ಗುತ್ತಿಗೆದಾರನ ಹೆಸರು ಹೇಳಿ ಸರ್ಕಾರ ನುಣುಚಿಕೊಳ್ಳುವಂತಿಲ್ಲ ಅಂತ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠ ಹೇಳ್ತು. ಮರುವರ್ಷ, 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಬಳಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸೀತು. 123 ಜನ ಸತ್ತರು. ಬೆಂಗಳೂರಿನ ಹಳಬರು ಆ ದಿನವನ್ನ ಇನ್ನೂ ಮರೆತಿಲ್ಲ. ಇಡೀ ಕಟ್ಟಡವೇ ಕೂತು ಹೋದರೆ ಕೂಲಿಯವನ ಹೆಲ್ಮೆಟ್ಟು ಏನು ಮಾಡೀತು?

1985ರಲ್ಲಿ ಕಟ್ಟಡ ಕಾರ್ಮಿಕರಿಗೆ ಪ್ರತ್ಯೇಕ ಕಾನೂನು ಬೇಕು ಅಂತ ರಾಷ್ಟ್ರ ಮಟ್ಟದ ಅಭಿಯಾನ ಸಮಿತಿ ಹುಟ್ಟಿಕೊಂಡಿತು, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅದರ ಮುಂದಾಳು. ಹನ್ನೊಂದು ವರ್ಷದ ಒತ್ತಾಯದ ನಂತರ 1996ರಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ ಬಂತು. ಜೊತೆಗೆ ಸೆಸ್ ಕಾಯ್ದೆ, ನಿರ್ಮಾಣ ವೆಚ್ಚದ ಶೇ 1. ಕರ್ನಾಟಕ ಅದಕ್ಕೆ ನಿಯಮ ಮಾಡಿದ್ದು 2006ರಲ್ಲಿ, ಕಲ್ಯಾಣ ಮಂಡಳಿ ಬಂದಿದ್ದು 2007ರಲ್ಲಿ. ಇನ್ನೂ ಹನ್ನೊಂದು ವರ್ಷ!

ಆ ಕಾಯ್ದೆಗೆ ಎರಡು ಮುಖ. ಒಂದು ಕಲ್ಯಾಣ, ಇನ್ನೊಂದು ಸುರಕ್ಷತೆ. ಶಹಾಪುರದ ಯಾವುದೇ ಓಣಿಯಲ್ಲಿ ಕೇಳಿ, 'ಲೇಬರ್ ಕಾರ್ಡ್' ಗೊತ್ತಿಲ್ಲದವರಿಲ್ಲ. ಮಕ್ಕಳ ಸ್ಕಾಲರ್‌ಶಿಪ್, ಮದುವೆ ಸಹಾಯಧನ, ಹೆರಿಗೆ ಭತ್ಯೆ. ಇದೆಲ್ಲ ಬೇಕಾದ್ದೇ, ನಾನು ಅಲ್ಲಗಳೆಯಲ್ಲ. ಆದರೆ ಅದೇ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ 500 ಅಥವಾ ಹೆಚ್ಚು ಕೆಲಸಗಾರರಿರೋ ಕಡೆ ಸುರಕ್ಷತಾ ಸಮಿತಿ ಇರಬೇಕಿತ್ತು, ಅದರಲ್ಲಿ ಕೆಲಸಗಾರರ ಪ್ರತಿನಿಧಿಗಳು ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರಬಾರದಿತ್ತು, ಸುರಕ್ಷತಾ ಅಧಿಕಾರಿಯೂ ಇರಬೇಕಿತ್ತು. ಇದನ್ನ ಕೇಳಿದವರು ಎಷ್ಟು ಜನ? 44ನೇ ಸೆಕ್ಷನ್ ಸುರಕ್ಷತೆಯ ಮೇಲ್ವಿಚಾರಣೆ ಮಾಲೀಕನ ಹೊಣೆ ಅಂತ ಬಿಡಿಸಿ ಹೇಳ್ತಿತ್ತು. ಸರಿ, ಸುರಕ್ಷತಾ ನಿಯಮ ಮುರಿದರೆ ಶಿಕ್ಷೆ ಏನು? ಮೂರು ತಿಂಗಳವರೆಗೆ ಜೈಲು, ಇಲ್ಲಾ 2,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಎರಡು ಸಾವಿರ! ಒಂದು ಒಳ್ಳೆ ಬೆಲ್ಟಿಗೂ ಅಷ್ಟಾಗುತ್ತೆ.

ದುಡ್ಡಿನ ಕಥೆ ಇನ್ನೊಂದು. 2018ರ ಮಾರ್ಚ್ 19ರಂದು ಸುಪ್ರೀಂ ಕೋರ್ಟ್, ಅದೇ ಅಭಿಯಾನ ಸಮಿತಿ ಹಾಕಿದ್ದ ಮೊಕದ್ದಮೆಯಲ್ಲಿ, ದೇಶದಾದ್ಯಂತ 37,400 ಕೋಟಿ ರೂಪಾಯಿಗೂ ಹೆಚ್ಚು ಸೆಸ್ ಸಂಗ್ರಹವಾಗಿದ್ದರೆ ಖರ್ಚಾಗಿದ್ದು ಸುಮಾರು 9,500 ಕೋಟಿ ಮಾತ್ರ ಅಂತ ದಾಖಲಿಸಿತು.

ಈಗ ತರಬೇತಿಯ ವಿಷಯ. ನಮ್ಮ ಹುಡುಗ ಕೆಲಸ ಕಲಿಯೋದು ಎಲ್ಲಿ? ಬಹಳ ಮಟ್ಟಿಗೆ ಊರಲ್ಲೇ. ಯಾದಗಿರಿಯಲ್ಲೋ ಶಹಾಪುರದಲ್ಲೋ ಯಾರದೋ ಮನೆ ಕಟ್ತಾ ಇರ್ತಾರೆ, ಆರು ಜನರ ಗುಂಪು, ಮೇಸ್ತ್ರಿ ಸೋದರಮಾವ. ಮೊದಲು ಬುಟ್ಟಿ ಹೊರ್ತಾನೆ, ಆಮೇಲೆ ಸೆಂಟ್ರಿಂಗ್, ಆಮೇಲೆ ಕರಣೆ ಕೈಗೆ ಬರುತ್ತೆ. ನೋಡಿ ಕಲಿಯೋ ಕಲೆ, ಅದರಲ್ಲಿ ದೊಡ್ಡ ಜಾಣತನವೂ ಇದೆ. ಆದರೆ 1996ರ ಕಾಯ್ದೆ ಅಲ್ಲಿಗೆ ಬರ್ತಾನೇ ಇರಲಿಲ್ಲ. ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಅನ್ವಯಿಸ್ತಿರಲಿಲ್ಲ, 10 ಲಕ್ಷದೊಳಗಿನ ಸ್ವಂತ ಮನೆಗೂ ಅನ್ವಯಿಸ್ತಿರಲಿಲ್ಲ. ಹನ್ನೆರಡು ಅಡಿ ಎತ್ತರದಲ್ಲಿ ಬರಿಗಾಲಲ್ಲಿ, ಕಟ್ಟಿಗೆಯ ಸಾರವೆ ಮೇಲೆ ನಿಂತು ಕಲಿತವನು ಮುಂದಿನ ವರ್ಷ ಬೆಂಗಳೂರಲ್ಲಿ ಹದಿನೈದನೇ ಮಹಡಿಯ ಅಂಚಿನಲ್ಲಿ ನಿಂತಿರ್ತಾನೆ. ಅವನ ಕಾಲಿಗೆ ಎರಡೂ ಒಂದೇ ಅನ್ನಿಸುತ್ತೆ.

ಅಲ್ಲಿ ಮೊದಲ ದಿನ ತರಬೇತಿ ಅಂತ ಕೂರಿಸ್ತಾರೆ. ಎಷ್ಟೋ ಕಡೆ ಹಿಂದಿಯಲ್ಲಿ, ಫಲಕಗಳು ಇಂಗ್ಲಿಷಿನಲ್ಲಿ. ಇವನು ಮಾತಾಡೋದು ಸುರಪುರದ ಕನ್ನಡ, ತಾಂಡಾದವನಾದರೆ ಮನೆಮಾತು ಲಂಬಾಣಿ. ಕೊನೆಗೆ ಒಂದು ರಿಜಿಸ್ಟರಿನಲ್ಲಿ ಸಹಿ ಇಲ್ಲಾ ಹೆಬ್ಬೆಟ್ಟು. ಆ ರಿಜಿಸ್ಟರಿನ ಮೇಲೆ ನನಗೆ ಅನುಮಾನ. ಅದು ಅವನಿಗೆ ಕಲಿಸಿದ್ದಕ್ಕೆ ಸಾಕ್ಷಿಯಾ, ಇಲ್ಲಾ ನಾಳೆ ಏನಾದರೂ ಆದರೆ 'ನಾವು ಹೇಳಿದ್ವಿ, ಅವನೇ ಕೇಳಲಿಲ್ಲ' ಅನ್ನೋಕೆ ಇಟ್ಟ ಸಾಕ್ಷಿಯಾ? ತರಬೇತಿ ಬೇಡ ಅಂತ ನಾನು ಹೇಳ್ತಿಲ್ಲ. ಗುಂಡಿಯ ಅಂಚು ಬಿರುಕು ಬಿಟ್ಟರೆ ಹೊರಗೆ ಬಾ, ಜಾಕಿ ಅಲುಗಾಡಿದರೆ ಸ್ಲ್ಯಾಬ್ ಕೆಳಗೆ ನಿಲ್ಲಬೇಡ ಅಂತ ಅವನ ಭಾಷೆಯಲ್ಲಿ ಹೇಳಿಕೊಟ್ಟರೆ ಜೀವ ಉಳಿಯುತ್ತೆ. ಆದರೆ ಅವನು ಹೊರಗೆ ಬಂದಾಗ ಅವತ್ತಿನ ಪಗಾರ ಕಟ್ ಆಗಬಾರದು. ಮುಂಗಡ ತಗೊಂಡು ಬಂದವನು 'ಇಲ್ಲಿ ನಿಲ್ಲಲ್ಲ' ಅನ್ನೋಕೆ ಸಾಧ್ಯ ಆಗಬೇಕು. ತರಬೇತಿ ಕೊಡೋರು ಈ ಅಧಿಕಾರ ಕೊಡ್ತಾರಾ? ಅದು ಆಡಳಿತದ ಕೈಲಿರೋದು.

ಗುಳೆ ಹೋದವರಿಗೆ ಬೇಡ ಅನ್ನೋ ಅಧಿಕಾರ ಎಷ್ಟಿದೆ ಅಂತ ನೋಡೋಕೆ 2020ರ ಮೇ ತಿಂಗಳು ನೆನಪಿಸ್ಕೊಳ್ಳಿ. ಲಾಕ್‌ಡೌನಿನಲ್ಲಿ ಬೇರೆ ರಾಜ್ಯದ ಕಾರ್ಮಿಕರು ಊರಿಗೆ ಹೋಗೋಕೆ ಕಾಯ್ತಿದ್ದಾಗ, ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿ ಸಭೆ ನಡೆದ ಮೇಲೆ ರಾಜ್ಯ ಸರ್ಕಾರ ರೈಲುಗಳನ್ನ ರದ್ದು ಮಾಡಿ ಅಂತ ಪತ್ರ ಬರೀತು. ದೇಶವೆಲ್ಲ ಟೀಕೆ ಮಾಡಿದ ಮೇಲೆ ಎರಡೇ ದಿನಕ್ಕೆ ಹಿಂದೆ ಸರೀತು.

ಇನ್ನು ಕಾನೂನು ಮತ್ತೆ ಬದಲಾಗಿದೆ. 1996ರ ಕಾಯ್ದೆಯ ಜಾಗದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020. ಜಾರಿಯಾಗಿದ್ದು 2025ರ ನವೆಂಬರ್ 21ರಿಂದ. ಸುರಕ್ಷತಾ ಅಧಿಕಾರಿ ಈಗ 500ಕ್ಕಲ್ಲ, 250 ಕೆಲಸಗಾರರಿಗೇ ಬೇಕು. ಕರ್ತವ್ಯ ಲೋಪದಿಂದ ಸಾವು ಆದರೆ ಎರಡು ವರ್ಷದವರೆಗೆ ಜೈಲು ಅಥವಾ ಕನಿಷ್ಠ 5 ಲಕ್ಷ ದಂಡ ಅಥವಾ ಎರಡೂ, ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನ ಕುಟುಂಬಕ್ಕೆ ಕೊಡಿಸಬಹುದು. 2,000 ರೂಪಾಯಿಯಿಂದ ಇಲ್ಲಿಗೆ ಬಂದಿದ್ದು ಸಣ್ಣ ಮಾತಲ್ಲ. ಆದರೆ ಸ್ವಂತ ಮನೆಗೆ ಕೊಟ್ಟ ವಿನಾಯಿತಿ 10 ಲಕ್ಷದಿಂದ 50 ಲಕ್ಷಕ್ಕೆ ಏರಿದೆ. ಅಂದರೆ ಯಾದಗಿರಿ ಜಿಲ್ಲೆಯಲ್ಲಿ ನಡೆಯೋ ಮನೆ ಕೆಲಸದ ಬಹುಪಾಲು ಇನ್ನೂ ಹೊರಗೇ ಉಳೀತು.

ಇದನ್ನ ಕೇಳ್ತಾ ಇರೋರಲ್ಲಿ ಗುಳೆ ಹೋದವರ ಮನೆಯವರಿದ್ದರೆ ಒಂದು ಮಾತು, ಗುರುತು ಹಾಕ್ಕೊಳ್ಳಿ. ಸೈಟಲ್ಲಿ ಸಾವಾದಾಗ ಮೇಸ್ತ್ರಿ ಬಂದು 'ಬೆಲ್ಟ್ ಹಾಕಿರಲಿಲ್ಲ, ಅವನದೇ ತಪ್ಪು, ಇಷ್ಟು ತಗೊಂಡು ಮುಗಿಸಿಬಿಡಿ' ಅಂತ ಒಂದು ಲಕ್ಷವೋ ಎರಡು ಲಕ್ಷವೋ ಕೈಗಿಡೋದು ಉಂಟು. ಪರಿಹಾರದ ಕಾನೂನಿನಲ್ಲಿ ಸಾವಿನ ಪ್ರಕರಣಕ್ಕೆ ಆ ವಾದ ನಿಲ್ಲಲ್ಲ. ನಿಯಮ ಮುರಿದ, ಬೆಲ್ಟ್ ಬಿಚ್ಚಿದ ಅನ್ನೋ ನೆಪ ಸಣ್ಣಪುಟ್ಟ ಗಾಯಕ್ಕೆ ಅಡ್ಡ ಬರಬಹುದು, ಸಾವಿಗೆ ಅಲ್ಲ. ಲೆಕ್ಕವೂ ಕೇಳಿ: 2020ರ ಜನವರಿಯಿಂದ ತಿಂಗಳ ಕೂಲಿ 15,000ದವರೆಗೆ ಲೆಕ್ಕಕ್ಕೆ ಬರುತ್ತೆ. ಅದರ ಅರ್ಧ 7,500. ಸತ್ತವನಿಗೆ 25 ವರ್ಷ ಆಗಿದ್ದರೆ ಅದನ್ನ 216.91ರಿಂದ ಗುಣಿಸಬೇಕು. 16,26,825 ರೂಪಾಯಿ. ಮೂವತ್ತು ವರ್ಷದವನಿಗೆ ಗುಣಕ 207.98, ಅಂದರೆ 15,59,850. ಅರ್ಜಿ ಹಾಕೋಕೆ ಬೆಂಗಳೂರಿಗೇ ಅಲೆಯಬೇಕಾಗಿಲ್ಲ. ಅವಲಂಬಿತರು ವಾಸ ಇರೋ ಕಡೆಯೇ ಹಾಕಬಹುದು ಅಂತ 1995ರಲ್ಲೇ ತಿದ್ದುಪಡಿ ಆಗಿದೆ. ಎರಡು ವರ್ಷದೊಳಗೆ ಹಾಕಬೇಕು, ಅಷ್ಟು ನೆನಪಿಟ್ಕೊಳ್ಳಿ.

ಆ ಗೌಂಡಿ ಕಾಕಾನ ಬಸ್ಸು ಬಂತು. ಚೀಲ ಹೊತ್ಕೊಂಡು ಹೊರಟರು. ಹತ್ತೋಕೆ ಮೊದಲು ನಾನು ಇನ್ನೊಂದು ಪ್ರಶ್ನೆ ಕೇಳಿದೆ, "ಕಾಕಾ, ಹೊಸಾ ಸೈಟಿಗೆ ಹೋದ ಕೂಡ್ಲೇ ಮೊದಲ ಏನು ನೋಡ್ತೀರಿ?"

"ಮೊದಲ ಮ್ಯಾಲ ನೋಡ್ತೀನಿ ತಮ್ಮಾ. ಬಲಿ ಕಟ್ಟ್ಯಾರ ಅಂದ್ರ ಪಗಾರ ಕೇಳ್ತೀನಿ. ಕಟ್ಟಿಲ್ಲ ಅಂದ್ರ..." ಅಂದು ಸ್ವಲ್ಪ ತಡೆದರು. "ಕಟ್ಟಿಲ್ಲ ಅಂದ್ರೂ ಪಗಾರನೇ ಕೇಳ್ತೀನಿ. ಮನ್ಯಾಗ ಸಾಲ ಅದ."

ಮುಂದಿನ ಸಂಚಿಕೆಯಲ್ಲಿ ಆಲಿಸ್ ಟ್ರೆಡ್‌ವೆಲ್ ಕಥೆ ಹೇಳ್ತೀನಿ.